ಬಂದವರಿಗೆ ಮೊದಲು ನೀರು

ನನ್ನ ತಮ್ಮಂದಿರೇ, ತಂಗಿಯರೇ,

ಹೋದ ವಾರ ನಿಮ್ಮ ಸಂಜೆಯ ಕನ್ನಡ ತರಗತಿಗೆ ನನ್ನನ್ನು ಕರೆದುಕೊಂಡು ಹೋದಿರಿ. ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿ, ‘ಅಕ್ಕೋರೇ, ನೀವು ಮೂವತ್ತು ವರ್ಷ ಸಾಲಿ ಕಲಿಸಿದವರು. ನಾವು ಮಾಡೋದು ಸರಿ ಐತೋ ಇಲ್ಲೋ ನೋಡಿ ಹೇಳ್ರಿ’ ಅಂದಿರಿ. ಅವತ್ತು ನಾನು ಏನೂ ಹೇಳಲಿಲ್ಲ. ನಾಲ್ಕು ಜನರ ಮುಂದೆ ಹೇಳುವ ಮಾತಲ್ಲ ಅದು. ಮನೆಯಲ್ಲಿ ಕೂತು ಸಾವಕಾಶವಾಗಿ ಬರೆಯುತ್ತಿದ್ದೇನೆ, ಓದಿಕೊಳ್ಳಿ.

ಮೊದಲು ನನ್ನ ಸಂತೋಷವನ್ನು ಹೇಳಿಬಿಡುತ್ತೇನೆ. ಗದಗ-ಬೆಟಗೇರಿಯ ಏಳೆಂಟು ಹುಡುಗ ಹುಡುಗಿಯರು, ದಿನವಿಡೀ ದುಡಿದು ಬಂದ ಮೇಲೂ, ಒಂದು ಪೈಸೆ ಮುಟ್ಟದೆ ಹೊರಗಿನವರಿಗೆ ಕನ್ನಡ ಕಲಿಸುತ್ತೀರಿ. ಒಡಿಶಾದಿಂದ ಬ್ಯಾಂಕಿನ ಕೆಲಸಕ್ಕೆ ಬಂದ ಹುಡುಗಿ, ವೈದ್ಯಕೀಯ ಕಾಲೇಜಿನಲ್ಲಿ ಓದುವ ತೆಲುಗು ಮಾತಿನ ಹುಡುಗ, ಟೈಲ್ಸ್ ಕೂರಿಸಲು ಬಂದ ಬಿಹಾರದ ಅಣ್ಣತಮ್ಮಂದಿರು, ಸೊಲ್ಲಾಪುರದಿಂದ ಬೆಟಗೇರಿಯ ನೇಕಾರರ ಮನೆಗೆ ಸೊಸೆಯಾಗಿ ಬಂದ ಮಗಳು. ಇಷ್ಟು ಜನ ಒಂದೇ ಚಾಪೆಯ ಮೇಲೆ ಕೂತು ‘ಅವನು ಬಂದನು, ಅವಳು ಬಂದಳು’ ಅನ್ನುವುದನ್ನು ಕೇಳಿ ನನ್ನ ಕಣ್ಣು ತುಂಬಿತು.

ಆದರೆ ಶುರುವಿನಲ್ಲಿ ಹದಿನೆಂಟು ಮಂದಿ ಇದ್ದರು, ಈಗ ಏಳು ಮಂದಿ ಉಳಿದಿದ್ದಾರೆ ಎಂದು ನೀವೇ ಹೇಳಿದಿರಿ. ಹೋದವರಿಗೆ ಆಸಕ್ತಿ ಇಲ್ಲ ಎಂದಿರಿ. ಆಸಕ್ತಿ ಇಲ್ಲದವರು ದಿನದ ದಣಿವಿನ ಮೇಲೆ ಮೊದಲನೆಯ ದಿನವಾದರೂ ಯಾಕೆ ಬರುತ್ತಿದ್ದರು? ಆ ಹನ್ನೊಂದು ಮಂದಿ ಕನ್ನಡವನ್ನು ಬಿಟ್ಟು ಹೋದರೋ, ನಿಮ್ಮ ಚಾಪೆಯನ್ನು ಬಿಟ್ಟು ಹೋದರೋ? ಇದನ್ನು ಯೋಚಿಸಬೇಕು.

ಅವತ್ತು ನಾನು ಕಂಡದ್ದನ್ನು ಹೇಳುತ್ತೇನೆ. ಹೊಸದಾಗಿ ಬಂದ ಒಬ್ಬ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿ ಗೋಡೆಯ ಹಾಳೆಯಿಂದ ನಿಯಮಗಳನ್ನು ಓದಿ ಹೇಳಿದಿರಿ: ತಡವಾಗಿ ಬರಬಾರದು, ಹಿಂದಿ ಆಡಬಾರದು, ಕೊಟ್ಟದ್ದನ್ನು ಬರೆದು ತರಬೇಕು. ಆಮೇಲೆ ಎಲ್ಲರ ಮುಂದೆ ನಿಲ್ಲಿಸಿ ಕನ್ನಡದಲ್ಲಿ ಪರಿಚಯ ಹೇಳಿಸಿದಿರಿ. ಅವನು ಒಂದು ಪದ ತಪ್ಪಿದ, ಇಬ್ಬರು ನಕ್ಕಿರಿ. ಇನ್ನೊಬ್ಬಳು ಒಂದು ಸಂಶಯ ಕೇಳಿದಳು. ‘ನಿನ್ನೆನೇ ಹೇಳೇವಲ್ಲ’ ಎಂದಿರಿ. ಅಷ್ಟರಲ್ಲಿ ನಿಮ್ಮಲ್ಲೇ ಇಬ್ಬರಿಗೆ ‘ಬರುತ್ತೇನೆ’ ಕಲಿಸಬೇಕೋ ‘ಬರ್ತೇನಿ’ ಕಲಿಸಬೇಕೋ ಎಂದು ವಾದ ಹತ್ತಿತು. ಕಾಲು ತಾಸು ನೀವು ಬಿರುಸಾಗಿ ಮಾತಾಡಿದಿರಿ. ಕಲಿಯಲು ಬಂದವರು ಒಮ್ಮೆ ಇವನ ಮುಖ, ಒಮ್ಮೆ ಅವಳ ಮುಖ ನೋಡುತ್ತ ಕೂತಿದ್ದರು. ನಿಮ್ಮಲ್ಲಿ ಯಾರ ಮನಸ್ಸೂ ಕೆಟ್ಟದ್ದಲ್ಲ, ಬಲ್ಲೆ. ಕನ್ನಡದ ಮೇಲಿನ ಪ್ರೀತಿಯೇ ನಿಮ್ಮನ್ನು ಹಾಗೆ ಮಾತಾಡಿಸಿತು. ಆದರೆ ಬಾಗಿಲಲ್ಲಿ ನಿಂತವನಿಗೆ ನಿಮ್ಮ ಪ್ರೀತಿ ಕಾಣಲಿಲ್ಲ, ಹೊಸ್ತಿಲು ಮಾತ್ರ ಕಂಡಿತು.

ನಿಮಗಿಂತ ದೊಡ್ಡ ತಪ್ಪನ್ನು ನಾನು ಮಾಡಿದ್ದೇನೆ. ಅದನ್ನು ಹೇಳದೆ ನಿಮಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ. ನೌಕರಿಗೆ ಸೇರಿದ ಹೊಸತು. ಕಪ್ಪತಗುಡ್ಡದ ಮಗ್ಗುಲಿಗೆ ಮುಂಡರಗಿ ತಾಲೂಕಿನ ಒಂದು ಹಳ್ಳಿಯ ಸಾಲೆ. ತಾಂಡಾದಿಂದ ಆರು ವರ್ಷದ ಒಬ್ಬ ಲಂಬಾಣಿ ಹುಡುಗಿ ಒಂದನೆಯ ಇಯತ್ತೆಗೆ ಬಂದಳು. ಬೇಸಿಗೆ ಮುಗಿಯದ ದಿನಗಳು. ನಡೆದು ಬಂದ ಮಗುವಿಗೆ ಬಾಯಾರಿತ್ತು. ನನ್ನ ಮೇಜಿನ ಹತ್ತಿರ ಬಂದು ಕೊಡದ ಕಡೆ ಕೈ ತೋರಿಸಿ ‘ಪಾಣಿ’ ಅಂದಳು. ನಾನು, ‘ನೀರು ಅನ್ನು, ಆಮೇಲೆ ಕುಡಿ’ ಅಂದೆ. ಮಕ್ಕಳೆಲ್ಲ ನಕ್ಕರು. ಭಾಷೆ ಕಲಿಸುವ ಉತ್ಸಾಹದಲ್ಲಿ ನಾನು ಮತ್ತೊಮ್ಮೆ, ‘ನೀ-ರು’ ಎಂದು ಬಿಡಿಸಿ ಹೇಳಿದೆ. ಅವಳು ನನ್ನ ಮುಖ ನೋಡಿದಳು, ಕೊಡದ ಕಡೆ ನೋಡಿದಳು, ಹೋಗಿ ತನ್ನ ಜಾಗದಲ್ಲಿ ಕೂತಳು. ಅವತ್ತು ಅವಳು ನೀರು ಕುಡಿಯಲಿಲ್ಲ. ದಸರೆಯ ಸೂಟಿ ಬರುವವರೆಗೂ ಸಾಲೆಯಲ್ಲಿ ಬಾಯಿ ತೆರೆಯಲಿಲ್ಲ.

ಸೂಟಿಯಲ್ಲಿ ಅವಳ ತಾಂಡಾಕ್ಕೆ ಹೋದೆ. ಮಗುವಿಗೆ ಬುದ್ಧಿ ಹೇಳಿರಿ ಎಂದು ಅವಳ ತಾಯಿಗೆ ಹೇಳುವುದಿತ್ತು. ನಾನು ಮನೆಯ ಮುಂದೆ ನಿಂತ ಕೂಡಲೆ ಆ ತಾಯಿ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ನನ್ನ ಕೈಗೆ ಕೊಟ್ಟಳು. ಯಾರು, ಯಾಕೆ ಬಂದೆ ಎಂದು ಕೇಳಲಿಲ್ಲ. ‘ಪಾಣಿ’ ಎಂದು ನನ್ನಿಂದ ಹೇಳಿಸಲಿಲ್ಲ. ಆ ನೀರು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಹೇಳಬೇಕೆಂದು ಹೋದ ಮಾತನ್ನು ಹೇಳದೆ ಬಂದೆ. ಅಂದಿನಿಂದ ಇಂದಿನವರೆಗೆ ನನಗೆ ಗೊತ್ತಿರುವ ಶಿಕ್ಷಣಶಾಸ್ತ್ರವೆಲ್ಲ ಆ ತಂಬಿಗೆಯಲ್ಲಿದೆ.

ನಮ್ಮ ಸೀಮೆಯಲ್ಲಿ ಮನೆಗೆ ಯಾರೇ ಬರಲಿ, ‘ಬರ್ರಿ, ಕುಂದರ್ರಿ’ ಎಂದು ಮೊದಲು ನೀರು ಕೊಡುತ್ತೇವೆ. ಊರು, ಕೇರಿ, ಬಂದ ಕೆಲಸ ಎಲ್ಲ ಆಮೇಲೆ. ಭಾಷೆಯ ಮನೆಗೆ ಬಂದವರಿಗೂ ಇದೇ ಪದ್ಧತಿ ಇರಲಿ. ಮೊದಲ ದಿನ ಕೇಳಬೇಡಿ, ಕೊಡಿ. ಅವತ್ತು ಅವರು ಮನೆಗೆ ಹೋಗುವಾಗ, ಬಸ್ ನಿಲ್ದಾಣದಲ್ಲೇ ಬಳಸಬಹುದಾದ ಏನಾದರೂ ಅವರ ಕೈಯಲ್ಲಿರಬೇಕು.

ಏನು ಕೊಡಬೇಕು? ನನ್ನನ್ನು ಕೇಳಿದರೆ ಮೊದಲು ಒಂದು ‘ರಿ’ ಕೊಡಿ. ನಮ್ಮ ಮಾತಿನ ಜೀವ ಇರುವುದು ಅದರಲ್ಲಿ. ಎಷ್ಟ್ರಿ, ಯಾಕ್ರಿ, ಹೌದ್ರಿ, ಬ್ಯಾಡ್ರಿ, ಹೋಗಿ ಬರ್ತೇನ್ರಿ. ಯಾವ ಪದದ ಬಾಲಕ್ಕೆ ಬೇಕಾದರೂ ಅದು ಕೂಡುತ್ತದೆ, ಕೂಡಿದ ಕೂಡಲೆ ಮಾತಿಗೆ ಮರ್ಯಾದೆ ಬರುತ್ತದೆ. ವ್ಯಾಕರಣ ಪೂರ್ತಿ ತಪ್ಪಿದ್ದರೂ ಕೊನೆಗೊಂದು ‘ರಿ’ ಇದ್ದರೆ ಗದಗಿನ ಸಂತೆಯಲ್ಲಿ ಯಾರೂ ಸಿಟ್ಟಾಗುವುದಿಲ್ಲ. ಅದರ ಜೊತೆಗೆ ಎರಡು ವಾಕ್ಯ ಕೊಡಿ: ‘ಇದಕ್ಕೇನಂತಾರ್ರಿ?’ ಮತ್ತು ‘ಸ್ವಲ್ಪ ಸಾವಕಾಶ ಮಾತಾಡ್ರಿ’. ಈ ಮೂರು ಕೈಯಲ್ಲಿದ್ದರೆ ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಪ್ರತಿಯೊಬ್ಬ ಮನುಷ್ಯನೂ ಅವರಿಗೆ ಗುರುವಾಗುತ್ತಾನೆ. ಕಾಯಿಪಲ್ಯ ಮಾರುವ ತಾಯಿಯನ್ನು ಒಂದು ಗಡ್ಡೆ ತೋರಿಸಿ ಕೇಳಿದರೆ ‘ಉಳ್ಳಾಗಡ್ಡಿ’ ಎಂದು ಅವಳೇ ಪಾಠ ಮಾಡುತ್ತಾಳೆ.

ಎರಡನೆಯದು, ಅವರ ಜೇಬಿನಲ್ಲಿ ಆಗಲೇ ಏನಿದೆಯೋ ತೋರಿಸಿಕೊಡಿ. ಹಿಂದಿ ಬಲ್ಲವನಿಗೆ ಅರ್ಜಿ, ಬಾಕಿ, ಖರ್ಚು, ಕುರ್ಚಿ, ದವಾಖಾನೆ, ರಸ್ತೆ, ಕಾಗದ, ಸಾಬೂನು ಕಲಿಸಬೇಕಾಗಿಲ್ಲ. ಇವೆಲ್ಲ ಕನ್ನಡವೂ ಹೌದು ಎಂದು ಹೇಳಿದರೆ ಸಾಕು. ತೆಲುಗಿನ ಹುಡುಗನಿಗೆ ಒಂದು ಕೀಲಿಕೈ ಕೊಡಿ: ನಿಮ್ಮ ಪಕಾರ ಎಷ್ಟೋ ಕಡೆ ನಮ್ಮಲ್ಲಿ ಹಕಾರ. ಅವರ ಪಾಲು ನಮ್ಮ ಹಾಲು, ಅವರ ಪುಲಿ ನಮ್ಮ ಹುಲಿ, ಅವರ ಪಂದಿ ನಮ್ಮ ಹಂದಿ. ಹಳಗನ್ನಡದಲ್ಲಿ ನಾವೂ ಪಕಾರವನ್ನೇ ಹೇಳುತ್ತಿದ್ದೆವು. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, ಮುಂದೆ ಅದೇ ಹುಲಿಗೆರೆಯಾಯಿತು. ಹೀಗೆ ಹೇಳಿದಾಗ ಆ ಹುಡುಗನಿಗೆ ತಾನು ಪರದೇಶಕ್ಕೆ ಬಂದಿಲ್ಲ, ದೊಡ್ಡಪ್ಪನ ಮನೆಗೆ ಬಂದಿದ್ದೇನೆ ಅನ್ನಿಸುತ್ತದೆ. ಹಿಂದಿಯವರಿಗೆ ಇನ್ನೊಂದು ಸಮಾಧಾನ ಹೇಳಿ. ಹಿಂದಿಯಲ್ಲಿ ಕುರ್ಚಿ ಹೆಣ್ಣು, ಮನೆ ಗಂಡು ಎಂದು ನೆನಪಿಡಬೇಕು. ಕನ್ನಡದಲ್ಲಿ ವಸ್ತುಗಳಿಗೆ ಆ ಗೋಜಿಲ್ಲ, ಎಲ್ಲಕ್ಕೂ ‘ಅದು’. ಕಷ್ಟಗಳನ್ನೇ ಮೊದಲು ಎಣಿಸಿ ಹೆದರಿಸುವುದಕ್ಕಿಂತ ಸುಲಭವಾದದ್ದನ್ನು ಮೊದಲು ತೋರಿಸುವುದು ಲೇಸು.

ಮೂರನೆಯ ಮಾತು ನಗುವಿನದು. ಸೊಸೆಯಾಗಿ ಬಂದವಳೊಬ್ಬಳು ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋ ‘ಬಳೆ’ ಕೇಳಿದಳೆಂದು ನಕ್ಕವರನ್ನು ನಾನು ಕಂಡಿದ್ದೇನೆ. ಬಳೆ, ಬೆಳೆ, ಬೇಳೆ, ಬಾಳೆ. ನಮ್ಮ ಕಿವಿಗೆ ಇವು ನಾಲ್ಕು ಬೇರೆ ಬೇರೆ ಲೋಕ. ಹೊಸಬರ ಕಿವಿಗೆ ಮೊದಮೊದಲು ನಾಲ್ಕೂ ಒಂದೇ ಗದ್ದಲ. ಹಿಂದಿಯಲ್ಲಿ ನಮ್ಮ ಹಾಗೆ ಎ-ಏ, ಒ-ಓ ಎಂದು ಗಿಡ್ಡ ಉದ್ದದ ಭೇದವಿಲ್ಲ, ಳಕಾರವೂ ಇಲ್ಲ. ಕಿವಿ ಕೇಳದ ಸ್ವರವನ್ನು ನಾಲಿಗೆ ಹೇಗೆ ಹೇಳೀತು? ಮರಾಠಿಯವಳಿಗೂ ಒಡಿಯಾದವಳಿಗೂ ಳಕಾರ ಸಲೀಸು, ಅವರವರ ಭಾಷೆಯಲ್ಲಿದೆ. ಅಂದರೆ ಪ್ರತಿಯೊಬ್ಬರ ತಪ್ಪಿನ ಹಿಂದೆ ಅವರ ತಾಯಿಯ ಭಾಷೆ ಕೂತಿರುತ್ತದೆ. ತಪ್ಪಿಗೆ ನಕ್ಕರೆ ಆ ತಾಯಿಗೇ ನಕ್ಕ ಹಾಗೆ. ಅವರೇ ತಮ್ಮ ತಪ್ಪಿಗೆ ನಕ್ಕರೆ ಜೊತೆಗೂಡಿ ನಗಿ, ಆದರೆ ಮೊದಲು ನಗುವವರು ನೀವಾಗಬೇಡಿ.

ಹಾಗಾದರೆ ತಿದ್ದುವುದೇ ಬೇಡವೇ? ತಿದ್ದಬೇಕು. ಹೇಗೆ ಎಂದು ನಮ್ಮ ಊರಿನ ವೀರೇಶ್ವರ ಪುಣ್ಯಾಶ್ರಮದಿಂದ ಕಲಿಯೋಣ. ಅದನ್ನು ನಡೆಸಿದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣಿಲ್ಲದವರು. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅಲ್ಲಿ ಊಟ, ವಸತಿ, ಸಂಗೀತ ದೊರೆಯಿತು. ಪುಟ್ಟರಾಜರು 1914ರಲ್ಲಿ ಹುಟ್ಟಿ 2010ರವರೆಗೆ ಬಾಳಿದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥ ರಚಿಸಿದರು. ಮೂರು ಭಾಷೆಯೂ ಅವರೊಳಗೆ ಇಳಿದದ್ದು ಕಿವಿಯ ದಾರಿಯಿಂದ, ಬೆರಳ ದಾರಿಯಿಂದ. ಸಂಗೀತದ ಗುರು ತಿದ್ದುವುದನ್ನು ನೋಡಿದ್ದೀರಲ್ಲ? ಶಿಷ್ಯ ಸ್ವರ ತಪ್ಪಿದರೆ ಹಾಡು ನಿಲ್ಲಿಸಿ ತಪ್ಪಿನ ಪಟ್ಟಿ ಓದುವುದಿಲ್ಲ. ಅದೇ ಸಾಲನ್ನು ತಾನು ಸರಿಯಾಗಿ ಹಾಡುತ್ತಾನೆ. ಶಿಷ್ಯ ಕೇಳಿ ಹಿಂದೆಯೇ ಹಾಡುತ್ತಾನೆ. ಮಾತಿಗೂ ಅದೇ ದಾರಿ. ಅವಳು ‘ನಾನು ನಿನ್ನೆ ಮುಂಡರಗಿ ಹೋಗ್ತೀನಿ’ ಅಂದರೆ, ‘ಓ, ನಿನ್ನೆ ಮುಂಡರಗಿಗೆ ಹೋಗಿದ್ರೇನು? ಬಸ್ಸಿಗೆ ಹೋಗಿದ್ರೋ?’ ಎಂದು ಮಾತು ಮುಂದುವರಿಸಿ. ಸರಿಯಾದ ರೂಪ ಅವಳ ಕಿವಿಗೆ ಎರಡು ಸಲ ಬಿತ್ತು. ಮಾತೂ ಮುರಿಯಲಿಲ್ಲ, ಮನಸ್ಸೂ ಮುರಿಯಲಿಲ್ಲ. ಒಂದು ದಿನಕ್ಕೆ ಒಬ್ಬರ ಒಂದೇ ತಪ್ಪನ್ನು ಎತ್ತಿಕೊಳ್ಳಿ. ಉಳಿದವು ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನೊಂದು ವಿಷಯದಲ್ಲಿ ನಮ್ಮ ಒಳ್ಳೆಯ ಗುಣವೇ ನಮಗೆ ಅಡ್ಡ ಬರುತ್ತದೆ. ಹೊಸಬರು ತಡವರಿಸಿ ಕನ್ನಡದಲ್ಲಿ ಎರಡು ಪದ ಆಡಿದರೆ, ಪಾಪ ಕಷ್ಟವಾಗುತ್ತದೆ ಎಂದು ನಾವು ತಟ್ಟನೆ ಹಿಂದಿಗೆ ಜಾರುತ್ತೇವೆ. ಅಂಗಡಿಯವರು ಜಾರುತ್ತಾರೆ, ಆಟೋದವರು ಜಾರುತ್ತಾರೆ, ಆಮೇಲೆ ಐದು ವರ್ಷ ಇದ್ದರೂ ಕನ್ನಡ ಬರಲಿಲ್ಲವೆಂದು ಅವರನ್ನೇ ದೂರುತ್ತೇವೆ. ಅವರು ಹಚ್ಚಿದ ದೀಪವನ್ನು ಆರಿಸಿದವರು ನಾವು. ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರಿಸಿ. ವಾಕ್ಯ ಗಿಡ್ಡದಿರಲಿ, ಮಾತು ಸಾವಕಾಶ ಇರಲಿ, ಪದ ಹುಡುಕುತ್ತಿರುವಾಗ ಮೂರು ಉಸಿರು ಕಾಯಿರಿ. ಆದರೆ ನಿಮ್ಮ ತರಗತಿಯಲ್ಲಿ ಹಿಂದಿ ಆಡಬಾರದು ಎಂಬ ನಿಯಮ ತೆಗೆದುಹಾಕಿ. ನಾವು ಕನ್ನಡದಲ್ಲಿ ಉತ್ತರ ಕೊಡುವುದು ಬೇರೆ, ಅವರ ಬಾಯಿ ಕಟ್ಟುವುದು ಬೇರೆ. ಕಟ್ಟಿದ ಬಾಯಿಯಲ್ಲಿ ಯಾವ ಭಾಷೆಯೂ ಹುಟ್ಟುವುದಿಲ್ಲ. ಇದನ್ನು ನಾನು ಒಂದು ಮಗುವಿನ ನಾಲ್ಕು ತಿಂಗಳ ಮೌನದಿಂದ ಕಲಿತಿದ್ದೇನೆ.

ಅಕ್ಷರ ಯಾವಾಗ ಕಲಿಸಬೇಕು ಎಂದು ಕೇಳಿದಿರಿ. ಮಾತು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಕಲಿಸಿ, ಆದರೆ ಗೋಡೆಯ ಮೇಲೆ ಪೂರ್ತಿ ವರ್ಣಮಾಲೆ ತೂಗುಹಾಕಿ ಬೆದರಿಸಬೇಡಿ. ಬಸ್ಸಿನ ಬೋರ್ಡುಗಳಿಂದ ಶುರು ಮಾಡಿ. ನಮ್ಮ ಊರುಗಳ ಹೆಸರುಗಳೇ ಒಂದು ಅಂಕಲಿಪಿ. ಗದಗ: ಮೂರು ಅಕ್ಷರ, ಅದರಲ್ಲಿ ಒಂದು ಎರಡು ಸಲ, ತಲೆಕಟ್ಟಿನ ಹೊರತು ಗುಣಿತವಿಲ್ಲ, ಒತ್ತಿಲ್ಲ. ಎರಡೇ ಅಕ್ಷರ ಕಲಿತವನು ಒಂದು ಜಿಲ್ಲೆಯ ಹೆಸರನ್ನು ಓದಿಬಿಡುತ್ತಾನೆ. ಆಮೇಲೆ ಬೆಟಗೇರಿ: ಗಿಡ್ಡ ಎಕಾರ, ಉದ್ದ ಏಕಾರ ಎರಡೂ ಒಂದೇ ಹೆಸರಿನಲ್ಲಿ. ಮುಂಡರಗಿಯಲ್ಲಿ ಕೊಂಬು, ಸೊನ್ನೆ, ಗುಡಿಸು. ಶಿರಹಟ್ಟಿಯಲ್ಲಿ ಟಕಾರಕ್ಕೆ ಟಕಾರದ ಒತ್ತು. ಕೊನೆಗೆ ಲಕ್ಷ್ಮೇಶ್ವರ: ಕಕಾರಕ್ಕೆ ಷಕಾರ, ಅದರ ಕೆಳಗೆ ಮಕಾರ, ಮೇಲೆ ಏತ್ವ, ಮುಂದೆ ಶ್ವ. ಗದಗದಿಂದ ಲಕ್ಷ್ಮೇಶ್ವರಕ್ಕೆ ಮುಟ್ಟುವಷ್ಟರಲ್ಲಿ ಕನ್ನಡ ಬರವಣಿಗೆಯ ಏರುಗಳನ್ನೆಲ್ಲ ಹತ್ತಿದಂತಾಯಿತು. ಒಂದು ಸಂಜೆ ಎಲ್ಲರನ್ನೂ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ಬರುವ ಬಸ್ಸಿನ ಬೋರ್ಡು ಓದಿಸಿ. ತಾನೇ ಓದಿ ಸರಿಯಾದ ಬಸ್ಸು ಹತ್ತಿದ ದಿನವನ್ನು ಮನುಷ್ಯ ಬದುಕಿಡೀ ಮರೆಯುವುದಿಲ್ಲ.

ಈಗ ನಿಮ್ಮ ಜಗಳಕ್ಕೆ ಬರುತ್ತೇನೆ. ಪುಸ್ತಕದ ಕನ್ನಡವೋ, ಗದಗಿನ ಕನ್ನಡವೋ? ವೈದ್ಯಕೀಯ ಓದುವ ಆ ಹುಡುಗನನ್ನು ನೆನೆಯಿರಿ. ಅವನು ಪುಸ್ತಕ ನೋಡಿ ‘ತಲೆನೋವು’, ‘ಹೊಟ್ಟೆನೋವು’ ಕಲಿತು ಬಂದಿದ್ದಾನೆ. ಶಿರಹಟ್ಟಿ ಕಡೆಯ ಅಜ್ಜಿ ಅವನ ಮುಂದೆ ಕೂತು ‘ತಲಿಶೂಲಿ ಐತಪ್ಪಾ, ಹೊಟ್ಟಿ ಕಡಿಯಾಕ ಹತ್ತೈತಿ, ಜ್ವರಾ ಬಂದಾವ’ ಅನ್ನುತ್ತಾಳೆ. ಅವನಿಗೆ ಗದಗಿನ ಮಾತು ತಿಳಿಯದಿದ್ದರೆ ಆ ಅಜ್ಜಿಯ ಗತಿ ಏನು? ಹಾಗೆಯೇ ಬ್ಯಾಂಕಿನ ಹುಡುಗಿ ಗದಗಿನ ಮಾತೊಂದನ್ನೇ ಕಲಿತರೆ ಅರ್ಜಿ, ಪತ್ರಿಕೆ ಓದುವುದು ಹೇಗೆ? ಆದ್ದರಿಂದ ಬಾಯಿಗೆ ‘ಬರ್ತೇನಿ’, ಕಾಗದಕ್ಕೆ ‘ಬರುತ್ತೇನೆ’. ಎರಡನ್ನೂ ಅಕ್ಕಪಕ್ಕ ಬರೆದು, ಎರಡೂ ಕನ್ನಡವೇ ಎಂದು ಹೇಳಿ. ಯಾವುದು ಶುದ್ಧ ಎಂಬ ವಾದವನ್ನು ಕಲಿಯುವವರೆಲ್ಲ ಮನೆಗೆ ಹೋದ ಮೇಲೆ ಚಾ ಕುಡಿಯುತ್ತ ಮಾಡಿಕೊಳ್ಳಿ.

ಶುದ್ಧ ಕನ್ನಡದ ಮಾತು ಬಂದಾಗ ನಮ್ಮ ಸೀಮೆಯವರಿಗೆ ಎದೆ ಸ್ವಲ್ಪ ಉಬ್ಬುತ್ತದೆ, ಉಬ್ಬಲಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳುವ ಊರುಗಳಲ್ಲಿ ಪುಲಿಗೆರೆಯೂ ಒಂದು, ಅಂದರೆ ನಮ್ಮ ಲಕ್ಷ್ಮೇಶ್ವರ. ಆದರೆ ಅದೇ ಪುಸ್ತಕ ಇನ್ನೆರಡು ಮಾತು ಹೇಳುತ್ತದೆ, ಅವನ್ನು ನಾವು ಬೇಗ ಮರೆಯುತ್ತೇವೆ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿನ ದೋಷ ಇಷ್ಟೇ ಎಂದು ಎಣಿಸಲು ಹೊರಟರೆ ಹಾವುಗಳ ಅರಸ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ. ಗಮನಿಸಿ, ಅದು ಹೇಳುವುದು ‘ಕನ್ನಡಗಳು’ ಎಂದು, ಬಹುವಚನದಲ್ಲಿ. ಇನ್ನೊಂದು ಕಡೆ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಬಂಗಾರ ಎನ್ನುತ್ತದೆ. ಕನ್ನಡದ ತಿರುಳು ಎಲ್ಲಿದೆ ಎಂದು ತೋರಿಸಿದ ಪುಸ್ತಕವೇ ತಪ್ಪುಗಳನ್ನು ಲೆಕ್ಕ ಹಾಕುತ್ತ ಕೂಡಬೇಡ, ಬೇರೆಯವರನ್ನು ಸೈರಿಸು ಎಂದೂ ಕಲಿಸುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ಪುಲಿಗೆರೆಯ ಹೆಸರು ಬೆಳಗಿಸಿದವರಾದರೂ ಯಾರು? ಸುಮಾರು 941ರಲ್ಲಿ ತನ್ನ ಭಾರತವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆನೆಂದು ಹೆಮ್ಮೆಪಟ್ಟ ಪಂಪನ ಹಿರಿಯರ ನೆಲೆ ವೆಂಗಿನಾಡು. ಅವನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ರಾಜಧಾನಿ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ಅವನ ತಾಯಿ ಅಬ್ಬಣಬ್ಬೆಯ ಕಡೆಯ ನಂಟು ಮಾತ್ರ ನಮ್ಮ ಪಕ್ಕದ ಅಣ್ಣಿಗೇರಿಗೆ. ದೂರದ ಮನೆತನದ ಮಗನೊಬ್ಬ ತಾಯಿಯ ತವರಿನ ಮಾತನ್ನು ಎತ್ತಿಕೊಂಡು ಆದಿಕವಿಯಾದ. ಇನ್ನು ಶರಣ ಆದಯ್ಯನ ಕಥೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದ, ಇಲ್ಲಿಯ ಪದ್ಮಾವತಿಯನ್ನು ಮದುವೆಯಾದ, ತನ್ನ ನಾಡಿನ ಸೋಮನಾಥನನ್ನೇ ಇಲ್ಲಿಗೆ ಕರೆತಂದ ಎಂದು ರಾಘವಾಂಕನ ಸೋಮನಾಥ ಚಾರಿತ್ರ ಹೇಳುತ್ತದೆ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಅಂಟಿಕೊಂಡ ಕಥೆಯಿದು. ಆದಯ್ಯನ ವಚನಗಳು ಕನ್ನಡದಲ್ಲಿವೆ; ಅಂಕಿತದಲ್ಲಿ ಮಾತ್ರ ತನ್ನ ಹುಟ್ಟುನಾಡನ್ನು ಬಿಡದೆ ‘ಸೌರಾಷ್ಟ್ರ ಸೋಮೇಶ್ವರ’ ಎಂದಿಟ್ಟುಕೊಂಡ. ಎಂಥ ಸುಂದರವಾದ ನಡೆ! ಕನ್ನಡಿಗನಾಗಲು ಅವನು ಸೌರಾಷ್ಟ್ರವನ್ನು ಒರೆಸಿಹಾಕಬೇಕಾಗಲಿಲ್ಲ. ನಿಮ್ಮ ಚಾಪೆಯ ಮೇಲೆ ಕೂತ ಬಿಹಾರದ ಹುಡುಗನೂ ಬಿಹಾರವನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕಾಗಿಲ್ಲ. ಅವನ ಊರಿನ ಹಬ್ಬ, ಊಟ, ಹೊಲ ಇವನ್ನೇ ಕನ್ನಡದಲ್ಲಿ ಹೇಳಲು ಕಲಿಸಿ. ತನ್ನದನ್ನು ಹೇಳುವ ಆಸೆಯಿಂದ ಭಾಷೆ ಬೇಗ ಬರುತ್ತದೆ.

ನಮ್ಮ ಬೆಟಗೇರಿಯನ್ನೇ ನೋಡಿ. ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲೇ ಇಲ್ಲಿ ನೆಲೆ ಮಾಡಿದರು. ಅವರ ಆಸ್ಪತ್ರೆಯನ್ನು ಹಿರಿಯರು ಜರ್ಮನ್ ದವಾಖಾನೆ ಎಂದೇ ಕರೆಯುತ್ತಿದ್ದರು. ಅದೇ ಮಿಶನ್ನಿಂದ 1853ರಲ್ಲಿ ಭಾರತಕ್ಕೆ ಬಂದವರು ಫರ್ಡಿನೆಂಡ್ ಕಿಟೆಲ್, ಆಗ ಅವರಿಗೆ ಇಪ್ಪತ್ತೊಂದು ವರ್ಷ. ಕನ್ನಡ ಕಲಿಕೆಯನ್ನು ಧಾರವಾಡದ ಕಡೆ ಶುರು ಮಾಡಿದರು. ಸುಮಾರು ಎಪ್ಪತ್ತು ಸಾವಿರ ಪದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕಿಟೆಲ್ಲರನ್ನು ನಾವೆಲ್ಲ ಕೊಂಡಾಡುತ್ತೇವೆ. ನಾನು ಇನ್ನೊಬ್ಬರನ್ನೂ ನೆನೆಯುತ್ತೇನೆ. ಭಾಷೆ ಬಾರದ ಆ ತರುಣ ಏನನ್ನೋ ತೋರಿಸಿ ‘ಇದಕ್ಕೇನನ್ನುತ್ತಾರೆ’ ಎಂದು ಕೈಸನ್ನೆ ಮಾಡಿದಾಗ, ನಗದೆ, ಗದರದೆ, ನಿಂತು ಹೆಸರು ಹೇಳಿದವರು ಯಾರೋ ಇದ್ದಿರಲೇಬೇಕು. ಹೊಲಕ್ಕೆ ಹೊರಟಿದ್ದವರೋ, ಬಾವಿಗೆ ಹೊರಟಿದ್ದ ತಾಯಿಯೋ. ಅವರ ಹೆಸರು ಯಾವ ಮುಖಪುಟದಲ್ಲೂ ಇಲ್ಲ. ನಿಮ್ಮ ಕೆಲಸ ಅವರದು.

ತರಗತಿ ನಡೆಸುವ ಬಗ್ಗೆ ಒಂದೆರಡು ಸಣ್ಣ ಮಾತು. ಹೊಸಬರು ಬಂದ ದಿನವೇ ಅವರಿಗೊಬ್ಬರನ್ನು ಜೋಡಿ ಮಾಡಿಕೊಡಿ, ಅಕ್ಷರದ ಕೆಳಗೆ ಒತ್ತು ಆಸರೆಯಾಗಿ ನಿಂತ ಹಾಗೆ. ಆ ಜೋಡಿ ಹುಟ್ಟು ಕನ್ನಡಿಗರೇ ಆಗಬೇಕಿಲ್ಲ. ಆರು ತಿಂಗಳ ಹಿಂದೆ ಕಲಿಯಲು ಬಂದವರಾದರೆ ಇನ್ನೂ ಒಳ್ಳೆಯದು. ಎಲ್ಲಿ ಎಡವುತ್ತೇವೆ ಎನ್ನುವುದು ನಿನ್ನೆ ಎಡವಿದವರಿಗೆ ಗೊತ್ತು. ತಾಂಡಾದ ಆ ಮಗುವನ್ನು ಕೊನೆಗೆ ಮಾತಾಡಿಸಿದವಳು ನಾನಲ್ಲ. ಅವಳ ಮಗ್ಗುಲಿಗೆ ನಾನು ಕೂರಿಸಿದ ಮೂರನೆಯ ಇಯತ್ತೆಯ ಇನ್ನೊಬ್ಬ ಲಂಬಾಣಿ ಹುಡುಗಿ. ಕೇಳಿದ್ದನ್ನೇ ಕೇಳಿದರೆ ಬೇಸರ ಮಾಡಬೇಡಿ. ನಿಮಗದು ನೂರನೆಯ ಸಲದ ಪ್ರಶ್ನೆ. ಕೇಳಿದವರಿಗೆ ಧೈರ್ಯ ಬಂದದ್ದು ಅದೇ ಮೊದಲ ಸಲ. ಸುಮ್ಮನೆ ಕೂರುವವರನ್ನು ಕೂರಲು ಬಿಡಿ, ಕೇಳುವುದೂ ಕಲಿಕೆಯೇ. ಒಂದು ವಾರ ಬರದೆ ಹೋದವರ ಮನೆಗೆ ಒಬ್ಬರು ಹೋಗಿ ‘ಯಾಕ್ರಿ ಬರಲಿಲ್ಲ, ಆರಾಮ ಅದೀರೇನು?’ ಎಂದು ಕೇಳಿ ಬನ್ನಿ. ಹೋದ ಹನ್ನೊಂದು ಮಂದಿಯಿಂದಲೇ ಇದನ್ನು ಶುರು ಮಾಡಿ.

ಕೊನೆಗೊಂದು ಹೋಲಿಕೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದರು. ಸಹಕಾರದ ಧರ್ಮ ನಿಮಗೆ ಗೊತ್ತು: ನೂರು ಶೇರಿನವನಿಗೂ ಒಂದೇ ಮತ, ಒಂದು ಶೇರಿನವನಿಗೂ ಒಂದೇ ಮತ. ಕನ್ನಡವೂ ಇಂಥದೇ ಸಂಘ. ನಾವು ಅಜ್ಜ ಮುತ್ತಜ್ಜರ ಕಾಲದ ಶೇರುದಾರರು. ಬ್ಯಾಂಕಿನ ಆ ಹುಡುಗಿ ಅವತ್ತು ‘ಚಾ ಕುಡೀತೀರೇನ್ರಿ?’ ಎಂದು ಕೇಳಿ ತನ್ನ ಮೊದಲ ಶೇರು ಕೊಂಡಳು. ಅವಳು ಈಗ ಸದಸ್ಯೆ, ಅತಿಥಿಯಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಅಲ್ಲಿ ಬಾಗಿಲಲ್ಲಿ ನಿಂತು ನೀನು ಯಾರು ಎಂದು ಯಾರೂ ಕೇಳುವುದಿಲ್ಲ. ಅಂಥ ಬಾಗಿಲುಗಳ ನಡುವೆ ಬೆಳೆದವರು ನಾವು.

ನಾಳೆ ಸಂಜೆ ಮತ್ತೆ ಚಾಪೆ ಹಾಸುತ್ತೀರಿ. ನಿಯಮದ ಹಾಳೆಯನ್ನು ಗೋಡೆಯಿಂದ ತೆಗೆದಿಡಿ. ಬಾಗಿಲ ಪಕ್ಕ ಒಂದು ಕೊಡ ನೀರು, ನಾಲ್ಕು ಲೋಟ ಇಡಿ. ಬಂದವರ ಮುಖ ನೋಡಿ ‘ಬರ್ರಿ, ಕುಂದರ್ರಿ’ ಅನ್ನಿ. ಯಾರಾದರೂ ಕೊಡದ ಕಡೆ ಕೈ ತೋರಿಸಿ ‘ಪಾಣಿ’ ಅಂದರೆ ಮೊದಲು ಲೋಟ ತುಂಬಿ ಕೊಡಿ. ಅವರು ಕುಡಿಯುವವರೆಗೆ ಕಾಯಿರಿ. ಆಮೇಲೆ ಮೆಲ್ಲಗೆ, ‘ನೀರು ಇನ್ನೊಂದ್ ಸ್ವಲ್ಪ ಬೇಕೇನ್ರಿ?’ ಎಂದು ಕೇಳಿ.

ನಿಮ್ಮ,
ಅಕ್ಕೋರು